ಕಡಲಿಲ್ಲದ ಊರಿನ ಹಡಗು: ಮಾದರಿ ನೌಕೆಯೊಂದು ಕಲಿಸುವ ಇತಿಹಾಸ

ಮೈಸೂರಿಗೆ ಸಮುದ್ರವಿಲ್ಲ. ಸಿದ್ಧಾರ್ಥನಗರದಲ್ಲಿ ನಿಂತರೆ ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಕಾರಂಜಿ ಕೆರೆ. ಇಲ್ಲಿನ ಮಕ್ಕಳು ಕಂಡಿರುವ ದೊಡ್ಡ ನೀರೆಂದರೆ ಆ ಕೆರೆ, ಅದು ಬಿಟ್ಟರೆ ಕನ್ನಂಬಾಡಿಯ ಹಿನ್ನೀರು. ನಮ್ಮ ರಾಜ್ಯದ ದೊಡ್ಡ ಬಂದರಾದ ಮಂಗಳೂರನ್ನು ನೋಡಬೇಕಾದರೆ ಕೊಡಗನ್ನು ದಾಟಿ ಘಟ್ಟ ಇಳಿಯಬೇಕು. ಇಂತಹ ಒಳನಾಡಿನಲ್ಲಿ, ನಮ್ಮ ಊರಿಗೆ ಅತಿ ಸಮೀಪದ ಶ್ರೀರಂಗಪಟ್ಟಣದಲ್ಲಿ ಕುಳಿತು, 1796ರಲ್ಲಿ ಟಿಪ್ಪು ಸುಲ್ತಾನರು 40 ಯುದ್ಧ ಹಡಗುಗಳನ್ನು ಕಟ್ಟಬೇಕೆಂದು ಆಜ್ಞೆ ಹೊರಡಿಸಿದರು.

ಈ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಒಂದೇ ವಾಕ್ಯದಲ್ಲಿ ಓದಿ ಮುಂದೆ ಹೋಗುತ್ತಾರೆ. "ಟಿಪ್ಪು ನೌಕಾಪಡೆಯನ್ನು ಕಟ್ಟಲು ಯತ್ನಿಸಿದನು" ಎಂದು ಬರೆದರೆ ಪರೀಕ್ಷೆಯಲ್ಲಿ ಒಂದು ಅಂಕ ಸಿಗಬಹುದು. ಆದರೆ ಹಡಗು ಕಟ್ಟುವುದು ಎಂದರೇನು? ಅದಕ್ಕೆ ಯಾವ ಮರ ಬೇಕು, ಎಷ್ಟು ಕಾಲ ಬೇಕು, ಯಾರ ಕೈ ಬೇಕು? ಆ 40 ಹಡಗುಗಳು ಏಕೆ ಕಡಲಿಗೆ ಇಳಿಯಲಿಲ್ಲ? ಈ ಪ್ರಶ್ನೆಗಳಿಗೆ ಉತ್ತರವನ್ನು ಪುಸ್ತಕದಿಂದ ಮಾತ್ರವಲ್ಲ, ಕೈಯಿಂದಲೂ ಕಲಿಯಬಹುದು. ಆ ದಾರಿಯೇ ಮರದ ಮಾದರಿ ಹಾಯಿಹಡಗು.

ಪೆಟ್ಟಿಗೆಯೊಳಗಿನ ಹಡಗು

ಇಟಲಿ, ಸ್ಪೇನ್ ಮೊದಲಾದ ದೇಶಗಳ ಕಂಪನಿಗಳು ಹಳೆಯ ಹಾಯಿಹಡಗುಗಳ ಮಾದರಿಯನ್ನು ಕಟ್ಟಿಕೊಳ್ಳಲು ಬೇಕಾದ ಸಾಮಾನನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತವೆ. ಇದಕ್ಕೆ ಕಿಟ್ ಎನ್ನುತ್ತಾರೆ. ಪೆಟ್ಟಿಗೆ ತೆರೆದರೆ ಅಲ್ಲಿ ಹಡಗು ಇರುವುದಿಲ್ಲ. ಕತ್ತರಿಸಿದ ಪ್ಲೈವುಡ್ ತುಂಡುಗಳು, ತೆಳುವಾದ ಮರದ ಪಟ್ಟಿಗಳ ಕಟ್ಟು, ದುಂಡನೆಯ ಕಡ್ಡಿಗಳು, ದಾರದ ಉಂಡೆಗಳು, ಹಿತ್ತಾಳೆಯ ಸಣ್ಣ ತೋಪುಗಳು ಮತ್ತು ದೊಡ್ಡ ನಕ್ಷೆಯ ಹಾಳೆಗಳು, ಇಷ್ಟೇ. ನೂರಕ್ಕೆ ಒಂದರ ಪ್ರಮಾಣ ಎಂದರೆ ನಿಜ ಹಡಗಿನ 100 ಅಡಿ ಮಾದರಿಯಲ್ಲಿ 1 ಅಡಿ ಆಗುತ್ತದೆ.

ಕೆಲಸದ ಕ್ರಮ ನಿಜವಾದ ಹಡಗನ್ನು ಕಟ್ಟುವ ಕ್ರಮವನ್ನೇ ಹೋಲುತ್ತದೆ. ಮೊದಲು ಅಡಿಮರವನ್ನು ನೆಟ್ಟಗೆ ಇಡಬೇಕು. ಅದರ ಮೇಲೆ ಪಕ್ಕೆಲುಬಿನಂತೆ ಅಡ್ಡ ಹಲಗೆಗಳು ನಿಲ್ಲುತ್ತವೆ. ಇವುಗಳಲ್ಲಿ ಒಂದು ಓರೆಯಾದರೂ ಇಡೀ ಹಡಗು ಓರೆಯಾಗುತ್ತದೆ. ಆಮೇಲೆ ಪಟ್ಟಿಗಳನ್ನು ಹೊದಿಸುವ ಕೆಲಸ. ಒಣ ಪಟ್ಟಿ ಬಗ್ಗುವುದಿಲ್ಲ, ಮುರಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ನೆನೆಸಿ, ಬಿಸಿ ತಾಗಿಸಿ, ನಿಧಾನವಾಗಿ ಬಾಗಿಸಬೇಕು. ಬಲಗಡೆ ಒಂದು ಪಟ್ಟಿ ಅಂಟಿಸಿದರೆ ಎಡಗಡೆಯೂ ಒಂದು ಅಂಟಿಸಬೇಕು. ಒಂದೇ ಪಕ್ಕವನ್ನು ಪೂರ್ತಿ ಮುಗಿಸಲು ಹೋದರೆ ಅಡಿಮರವೇ ತಿರುಚಿಕೊಳ್ಳುತ್ತದೆ. ಹಡಗಿನ ಮೂತಿ ಕಿರಿದಾಗುವಲ್ಲಿ ಪ್ರತಿ ಪಟ್ಟಿಯನ್ನೂ ಚಾಕುವಿನಿಂದ ಸಣ್ಣಗೆ ಕೆತ್ತಬೇಕು. ಕೊನೆಯಲ್ಲಿ ಕೂವೆಮರಗಳು, ಅವನ್ನು ಹಿಡಿದು ನಿಲ್ಲಿಸುವ ಹಗ್ಗಗಳು, ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ಬರುತ್ತವೆ. ದೊಡ್ಡ ಮಾದರಿಯೊಂದಕ್ಕೆ ನೂರಾರು ಗಂಟೆಗಳು ಹಿಡಿಯುತ್ತವೆ.

ಇದು ಕೇವಲ ಆಟಿಕೆಯಲ್ಲ. 17 ಮತ್ತು 18ನೇ ಶತಮಾನಗಳಲ್ಲಿ ಇಂಗ್ಲೆಂಡಿನ ನೌಕಾ ಮಂಡಳಿಗಾಗಿ ಯುದ್ಧ ಹಡಗುಗಳ ಮಾದರಿಗಳನ್ನು 48ಕ್ಕೆ 1ರ ಪ್ರಮಾಣದಲ್ಲಿ ಮಾಡುತ್ತಿದ್ದರು. ಫ್ರಾನ್ಸಿನಲ್ಲಿ ದುಹಾಮೆಲ್ ದು ಮೊನ್ಸೊ ಎಂಬ ವಿದ್ವಾಂಸರು ತಮ್ಮ ಹಡಗು ಮಾದರಿಗಳ ಸಂಗ್ರಹವನ್ನು 1748ರಲ್ಲಿ ದೊರೆ 15ನೇ ಲೂಯಿಗೆ ಒಪ್ಪಿಸಿದರು. ಅದನ್ನು ಲೂವ್ರ್ ಅರಮನೆಯಲ್ಲಿಟ್ಟು ಹಡಗು ನಿರ್ಮಾಣದ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಬಳಸಿದರು. ಅಂದರೆ ಮಾದರಿಯೇ ಅಂದಿನ ಪಠ್ಯಪುಸ್ತಕವಾಗಿತ್ತು. ನಮ್ಮ ಸಿದ್ಧಾರ್ಥನಗರದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಕಾಡನ್ನೂ ಪ್ರಾಣಿಗಳನ್ನೂ ಮಾದರಿಗಳ ಮೂಲಕ ಮಕ್ಕಳಿಗೆ ತಿಳಿಸುವುದು ಇದೇ ತತ್ವದ ಮೇಲೆ.

ಹೊನ್ನಾವರದ ಹಡಗುಗಳು ಮತ್ತು ಶಾಲೆಗಳು

ಕಿಟ್ ಕಟ್ಟುವವನಿಗೆ ಬರುವ ಮೊದಲ ಪ್ರಶ್ನೆ, ಪಟ್ಟಿಗೆ ಪಟ್ಟಿಯನ್ನು ಕೂಡಿಸುವುದು ಹೇಗೆ ಎಂಬುದು. ಇಂದು ನಮಗೆ ಅಂಟು ಇದೆ. ಯುರೋಪಿನವರು ಮೊಳೆ ಹೊಡೆದರು. ನಮ್ಮ ಕಡಲಿನಲ್ಲಿ ಹಿಂದಿನವರು ಹಲಗೆಗಳಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದರು.

14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಹೇಳಿದ್ದಾರೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹುರಿಯಿಂದ ಹೊಲಿದದ್ದು ಸ್ವಲ್ಪ ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಇದೇ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿನ ಸುಲ್ತಾನ್ ಜಮಾಲುದ್ದೀನರು ಸಂದಾಪುರ, ಅಂದರೆ ಗೋವೆಯ ಮೇಲೆ ಹೊರಟಾಗ 52 ಹಡಗುಗಳನ್ನು ಸಜ್ಜುಗೊಳಿಸಿದ್ದರೆಂದು ಬರೆದಿದ್ದಾರೆ. ಊರಿನವರಿಗೆ ಹೊಲಗದ್ದೆಗಳಿಲ್ಲ, ಕಡಲ ವ್ಯಾಪಾರವೇ ಜೀವನ ಎಂದಿದ್ದಾರೆ. ಆ ಊರಿನಲ್ಲಿ ಹುಡುಗರಿಗಾಗಿ 23 ಮತ್ತು ಹುಡುಗಿಯರಿಗಾಗಿ 13 ಶಾಲೆಗಳಿದ್ದವೆಂದೂ, ಇಂತಹದನ್ನು ತಾವು ಬೇರೆಲ್ಲೂ ಕಾಣಲಿಲ್ಲವೆಂದೂ ದಾಖಲಿಸಿದ್ದಾರೆ.

ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಈ ಮಾತನ್ನು ನೆನೆಯುವುದು ಉಚಿತ. ಹಡಗು ಮತ್ತು ಶಾಲೆ ಒಂದೇ ಊರಿನಲ್ಲಿ ಒಟ್ಟಿಗೆ ಬೆಳೆದಿದ್ದವು. ಕಡಲಿನ ಮೇಲೆ ಹೋಗುವವನಿಗೆ ಲೆಕ್ಕ ಬೇಕು, ಓಲೆ ಬರೆಯಲು ಬರಬೇಕು, ಬೇರೆ ಊರಿನ ಭಾಷೆ ತಿಳಿಯಬೇಕು. ಹಡಗು ತುಂಬುವ ಸರಕಿನ ಹಿಂದೆ ವಿದ್ಯೆಯ ಸರಕೂ ಇತ್ತು.

ಕುದುರೆಯಿಂದ ಹಡಗಿಗೆ

ನಾಲ್ಕು ಶತಮಾನಗಳ ನಂತರ ಘಟ್ಟದ ಮೇಲಿನ ಮೈಸೂರು ರಾಜ್ಯಕ್ಕೆ ಈ ಕರಾವಳಿ ಸೇರಿತು. 1763ರಲ್ಲಿ ನವಾಬ್ ಹೈದರ್ ಅಲಿಯವರು ಬಿದನೂರನ್ನು ಗೆದ್ದಾಗ ಅದರೊಂದಿಗೆ ಮಂಗಳೂರು ಮತ್ತಿತರ ಬಂದರುಗಳು ಕೈಗೆ ಬಂದವು. ಕುದುರೆಯ ಮೇಲೆ ಯುದ್ಧ ಗೆದ್ದವರು ಈಗ ಹಡಗನ್ನು ನಡೆಸಬೇಕಾಯಿತು.

ಇದು ಸುಲಭವಾಗಿರಲಿಲ್ಲ. ಹೈದರ್ ಅಲಿಯವರು ಅಶ್ವದಳದ ಅಧಿಕಾರಿ ಲುತ್ಫ್ ಅಲಿ ಬೇಗ್ ಅವರನ್ನು ನೌಕೆಗಳ ಮೇಲೆ ನೇಮಿಸಿದ್ದರು. ಕಡಲನ್ನು ಅರಿಯದವನ ಕೈಕೆಳಗೆ ದುಡಿಯುವುದು ಹಡಗಿನ ನಾಯಕರಿಗೆ ಹಿಡಿಸಲಿಲ್ಲ. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಮಂಗಳೂರಿನ ಮೇಲೆ ಬಂದಾಗ ಅವರಲ್ಲಿ ಹಲವರು ಶತ್ರುವಿನ ಕಡೆ ಸೇರಿಬಿಟ್ಟರು. ಮಂಗಳೂರನ್ನು ಅದೇ ವರ್ಷ ಮರಳಿ ಪಡೆದದ್ದಾಯಿತು, ಹಡಗುಗಳನ್ನು ಮತ್ತೆ ಕಟ್ಟಿದ್ದೂ ಆಯಿತು. ಆದರೆ 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಂದರಿಗೇ ನುಗ್ಗಿ ಮೈಸೂರಿನ ಹಡಗುಗಳನ್ನು ನಾಶಮಾಡಿದನು. ವರ್ಷಗಟ್ಟಲೆ ಕಟ್ಟಿದ್ದು ಒಂದು ದಿನದಲ್ಲಿ ಹೋಯಿತು.

ಟಿಪ್ಪು ಸುಲ್ತಾನರು ಇದರಿಂದ ಪಾಠ ಕಲಿತರೆಂದು ಅವರ ಪತ್ರಗಳಿಂದ ತಿಳಿಯುತ್ತದೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ ಪತ್ರಗಳಲ್ಲಿ ಮಸ್ಕತ್‌ನಲ್ಲಿದ್ದ ಅಧಿಕಾರಿ ಮೀರ್ ಕಾಜಿಮ್‌ಗೆ ಬರೆದವು ಇವೆ. ರೇಷ್ಮೆ ಹುಳುವಿನ ಮೊಟ್ಟೆ, ಖರ್ಜೂರದ ಸಸಿಗಳೊಂದಿಗೆ, ಧೌ ಹಡಗು ಕಟ್ಟಬಲ್ಲ ಬಡಗಿಗಳನ್ನೂ ಕಳುಹಿಸುವಂತೆ ಅವುಗಳಲ್ಲಿ ಕೇಳಿದ್ದಾರೆ. ಹಡಗನ್ನು ಕೊಂಡುಕೊಳ್ಳುವುದು ಬೇರೆ, ಹಡಗು ಕಟ್ಟುವವರನ್ನು ಕರೆತರುವುದು ಬೇರೆ ಎಂಬ ತಿಳಿವಳಿಕೆ ಇದರಲ್ಲಿದೆ. 1788ರಲ್ಲಿ ಫ್ರಾನ್ಸಿಗೆ ಹೋದ ರಾಯಭಾರಿಗಳ ಮೂಲಕವೂ ಅವರು ಕುಶಲಕರ್ಮಿಗಳನ್ನು ಕೇಳಿದ್ದರು.

ಕಡಲಿನ ಕಷ್ಟವೂ ಅವರಿಗೆ ತಿಳಿಯದ್ದೇನಲ್ಲ. 1786ರ ಮಾರ್ಚಿನಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ರಾಯಭಾರಿ ತಂಡವು ಈಗಿನ ಕುಮಟಾ ತಾಲ್ಲೂಕಿನ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಪ್ರಯಾಣ ಮಾಡಿತು. ತಂಡದ ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ದಿನಚರಿ ಬರೆದಿಟ್ಟಿದ್ದಾರೆ. ಆ ಯಾತ್ರೆಯಲ್ಲಿ ಹಡಗುಗಳೂ ಹೋದವು, ಜನರೂ ಹೋದರು. ಹೊರಟವರಲ್ಲಿ ಮರಳಿ ಬಂದವರು ಕೆಲವರೇ.

1796ರ ಆಜ್ಞೆ

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನೂ ಮಲಬಾರನ್ನೂ ಕಳೆದುಕೊಂಡಿತು. ಆದರೆ ಮಂಗಳೂರಿನಿಂದ ಕಾರವಾರದವರೆಗಿನ ಕನ್ನಡ ಕರಾವಳಿ ಉಳಿಯಿತು. ನಾಲ್ಕು ವರ್ಷಗಳ ನಂತರ ಹೊಸ ನೌಕಾ ವ್ಯವಸ್ಥೆಯ ಆಜ್ಞೆ ಹೊರಟಿತು. ಅದರ ಪ್ರಕಾರ 11 ಮಂದಿ ಮೀರ್ ಯಮ್‌ಗಳ ಒಂದು ಮಂಡಳಿ, ಅವರ ಕೆಳಗೆ 30 ಮಂದಿ ಮೀರ್ ಬಹರ್‌ಗಳು. 20 ದೊಡ್ಡ ಯುದ್ಧ ಹಡಗುಗಳು, 20 ಫ್ರಿಗೇಟ್‌ಗಳು. ಇವುಗಳ ಕೆಲಸಕ್ಕಾಗಿ ಮೂರು ಕಚೇರಿಗಳು: ಜಮಾಲಾಬಾದ್ ಎಂದು ಹೆಸರಿಟ್ಟ ಮಂಗಳೂರು, ವಾಜಿದಾಬಾದ್ ಮತ್ತು ಮಜೀದಾಬಾದ್ ಎಂದು ಕರೆದ ಕಾರವಾರದ ಬಳಿಯ ಸದಾಶಿವಗಡ.

ಆಜ್ಞೆಯಲ್ಲಿ ಕೊರತೆಯಿರಲಿಲ್ಲ. ಮರಕ್ಕೂ ಕೊರತೆಯಿರಲಿಲ್ಲ. ಘಟ್ಟದ ಕಾಡುಗಳಲ್ಲಿ ತೇಗವಿತ್ತು, ಹಲಗೆಗೆ ಒದಗುವ ಹೆಬ್ಬಲಸು ಇತ್ತು. ಕೂವೆಮರಕ್ಕೆ ನೇರವಾಗಿ ಎತ್ತರ ಬೆಳೆಯುವ ಸುರಹೊನ್ನೆ ಕುಲದ ಮರಗಳಿದ್ದವು. ಇವನ್ನು ಇಂಗ್ಲಿಷರು 'ಪೂನ್' ಎಂದು ಕರೆದು ಮುಂದೆ ತಮ್ಮ ಹಡಗುಗಳಿಗೆ ಹುಡುಕಿ ಒಯ್ದರು. ಘಟ್ಟದಿಂದ ಪಶ್ಚಿಮಕ್ಕೆ ಹರಿಯುವ ಹೊಳೆಗಳೂ ಇದ್ದವು.

ಇಲ್ಲದ್ದು ಒಂದೇ, ಸಮಯ. ಇದನ್ನು ಅರಿಯಲು ಮಾದರಿ ಕಿಟ್‌ಗಳಲ್ಲಿ ಅತ್ಯಂತ ಪ್ರಸಿದ್ಧವಾದ ಇಂಗ್ಲೆಂಡಿನ 'ವಿಕ್ಟರಿ' ಹಡಗನ್ನೇ ನೋಡೋಣ. ಅದರ ಅಡಿಮರವನ್ನು ಇಟ್ಟದ್ದು 1759ರಲ್ಲಿ, ಹಡಗು ನೀರಿಗೆ ಇಳಿದದ್ದು 1765ರಲ್ಲಿ. ಸುಮಾರು 6000 ಮರಗಳು ಅದಕ್ಕೆ ಹೋದವು, ಅವುಗಳಲ್ಲಿ ಹೆಚ್ಚಿನವು ಓಕ್. ಹಳೆಯ ಹಡಗು ಕಟ್ಟೆ, ನುರಿತ ಕೆಲಸಗಾರರು ಎಲ್ಲವೂ ಇದ್ದ ಇಂಗ್ಲೆಂಡಿಗೇ ಒಂದು ದೊಡ್ಡ ಹಡಗಿಗೆ ಆರು ವರ್ಷ ಬೇಕಾಯಿತು. ಟಿಪ್ಪು ಸುಲ್ತಾನರಿಗೆ ಆಜ್ಞೆ ಹೊರಟ ನಂತರ ಸಿಕ್ಕಿದ್ದು ಮೂರು ವರ್ಷ. 1799ರ ಮೇ 4ರಂದು ಅವರು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹುತಾತ್ಮರಾದರು. ಕೊನೆಯ ಯುದ್ಧದಲ್ಲಿ ಈ ನೌಕಾಪಡೆ ಯಾವ ಪಾತ್ರವನ್ನೂ ವಹಿಸಲಾಗಲಿಲ್ಲ.

ಇಲ್ಲಿ ನಾವು ಎರಡು ಅತಿರೇಕಗಳಿಂದ ದೂರವಿರಬೇಕು. ಸುಲ್ತಾನರ ನೌಕಾಪಡೆ ಜಗತ್ತನ್ನೇ ನಡುಗಿಸಿತೆಂದು ಅಭಿಮಾನದಿಂದ ಹೇಳುವುದು ಚರಿತ್ರೆಯಲ್ಲ. ಅದು ಬರಿಯ ಕಾಗದದ ಮೇಲಿನ ಕನಸೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಹಿಂದಿನ ಎರಡು ಸೋಲುಗಳಿಂದ ತಪ್ಪೆಲ್ಲಿದೆ ಎಂದು ಅರಿತು, ಮರ, ಕೆಲಸಗಾರ, ಅಧಿಕಾರಿ, ಕಟ್ಟೆ ಎಲ್ಲವನ್ನೂ ಒಂದು ವ್ಯವಸ್ಥೆಗೆ ತಂದ ಗಂಭೀರ ಪ್ರಯತ್ನ ಅದು. ಮಾದರಿಯ ಮಾತಿನಲ್ಲಿ ಹೇಳುವುದಾದರೆ, ಅಡಿಮರ ನೆಟ್ಟಗೆ ಇಟ್ಟದ್ದಾಗಿತ್ತು. ಹಲಗೆ ಹೊದಿಸಲು ಕಾಲ ಕೂಡಿಬರಲಿಲ್ಲ.

ತಲೆಮಾರುಗಳ ಕೈ

ಅದೇ ಪಶ್ಚಿಮ ಕರಾವಳಿಯ ತೇಗದಿಂದ ಬೇರೆಯವರು ಹಡಗು ಕಟ್ಟಿದರು. ಬೊಂಬಾಯಿಯ ಹಡಗು ಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದ ಜಮ್ಶೆಟ್ಜಿ ಬೊಮ್ಮನ್‌ಜಿ ಇಂಗ್ಲಿಷ್ ನೌಕಾಪಡೆಗಾಗಿ 'ಟ್ರಿಂಕೋಮಲಿ' ಎಂಬ ಫ್ರಿಗೇಟನ್ನು 1816ರಲ್ಲಿ ಆರಂಭಿಸಿ 1817ರ ಅಕ್ಟೋಬರಿನಲ್ಲಿ ನೀರಿಗಿಳಿಸಿದರು. ಮಲಬಾರಿನ ತೇಗದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ.

ಒಂದೂವರೆ ವರ್ಷದಲ್ಲಿ ಫ್ರಿಗೇಟ್ ಮುಗಿಯಲು ಕಾರಣವೇನು? ಆ ಮನೆತನದ ಲವ್ಜಿ ನಸರ್‌ವಾನ್‌ಜಿ ಸೂರತ್ತಿನಿಂದ ಬೊಂಬಾಯಿಗೆ ಬಂದದ್ದು 1736ರಲ್ಲಿ. ಅಲ್ಲಿಂದ 80 ವರ್ಷ ಒಂದೇ ಕಟ್ಟೆಯಲ್ಲಿ ವಿದ್ಯೆ ಕೈಯಿಂದ ಕೈಗೆ ಹರಿದು ಬಂದಿತ್ತು. ಈ ಹಡಗಿನ ನಕ್ಷೆಯ ಕಥೆಯೂ ಸ್ವಾರಸ್ಯಕರ. ಇಂಗ್ಲೆಂಡಿನಿಂದ ನಕ್ಷೆಗಳನ್ನು ತರುತ್ತಿದ್ದ 'ಜಾವಾ' ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದವರು ಬ್ರೆಜಿಲ್ ತೀರದ ಬಳಿ ಸೋಲಿಸಿದ್ದರಿಂದ ನಕ್ಷೆಗಳು ಹೋದವು. ಎರಡನೇ ಪ್ರತಿ ಬರುವವರೆಗೆ ಕೆಲಸ ಕಾಯಬೇಕಾಯಿತು. ಆದರೂ ನಕ್ಷೆ ಇದ್ದುದರಿಂದ ಪ್ರತಿ ತೆಗೆಯಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ಕರಾವಳಿಯ ಕಥೆ ಇದಕ್ಕೆ ಭಿನ್ನ. ಮಂಜಿ, ಮಚ್ವೆ, ಪತ್ತೇಮಾರಿಗಳನ್ನು ಕಟ್ಟಿದ ಮೇಸ್ತ್ರಿಗಳು ಕಾಗದದ ನಕ್ಷೆ ಇಟ್ಟುಕೊಂಡವರಲ್ಲ. ಕೇರಳದ ಬೇಪೂರಿನಲ್ಲಿ ಉರು ಕಟ್ಟುವ ಬಡಗಿಗಳೂ, ಭಾರವಾದ ಹಡಗನ್ನು ನೀರಿಗೆ ಜಾರಿಸುವ ಮಾಪಿಳ್ಳ ಖಲಾಸಿಗಳೂ ಅಷ್ಟೇ. ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿ, ಅಳತೆ ಅವನ ಕೋಲಿನಲ್ಲಿ. ಇದು ದೊಡ್ಡ ವಿದ್ಯೆ, ಸಂಶಯವಿಲ್ಲ. ಆದರೆ ಮೇಸ್ತ್ರಿಯ ಮಗ ಬೇರೆ ಉದ್ಯೋಗ ಹಿಡಿದರೆ ಆ ವಿದ್ಯೆ ಅಲ್ಲಿಗೇ ನಿಂತಿತು. ಎರಡನೇ ಪ್ರತಿ ಎಲ್ಲಿಂದ ತರುವುದು?

ಹೀಗೆ ಕಳೆದುಹೋದದ್ದನ್ನು ಮತ್ತೆ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇತ್ತೀಚಿನ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹೊಲಿದ ಹಾಯಿಹಡಗನ್ನು ಭಾರತೀಯ ನೌಕಾಪಡೆ ಸೇರಿಸಿಕೊಂಡಿತು. ಅಜಂತಾ ಗುಹೆಯ 5ನೇ ಶತಮಾನದ ಚಿತ್ರವೇ ಅದಕ್ಕೆ ಆಧಾರ. ಹಳೆಯ ನಕ್ಷೆ ಯಾವುದೂ ಇರಲಿಲ್ಲ. ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದರು. ಹಡಗು ತೇಲುವ ರೀತಿಯನ್ನು ಖಚಿತಪಡಿಸಿಕೊಳ್ಳಲು ಮದ್ರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ಮಾಡಿ ನೀರಿನಲ್ಲಿ ಪರೀಕ್ಷಿಸಿದರು. ಇಬ್ನ್ ಬತೂತರ ಕಾಲದಲ್ಲಿ ಕರಾವಳಿಯ ಬಡಗಿಗಳಿಗೆ ಕೈವಶವಾಗಿದ್ದ ವಿದ್ಯೆಯನ್ನು ಮರಳಿ ಪಡೆಯಲು ಸರ್ಕಾರ, ವಿಜ್ಞಾನಿಗಳು, ಕುಶಲಕರ್ಮಿಗಳು ಎಲ್ಲರೂ ಸೇರಬೇಕಾಯಿತು.

ನಮ್ಮಿಂದ ಆಗಬೇಕಾದದ್ದು

ಮಾರುಕಟ್ಟೆಯ ಕಿಟ್‌ಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಹಡಗುಗಳವು. ಅದರಲ್ಲಿ ತಪ್ಪೇನಿಲ್ಲ. ಅವರು ತಮ್ಮ ಹಡಗುಗಳನ್ನು ಅಳೆದರು, ಬರೆದರು, ಜೋಪಾನ ಮಾಡಿದರು. ಆದ್ದರಿಂದಲೇ ಇಂದು ಜಗತ್ತಿನ ಯಾವುದೋ ಮೂಲೆಯ ಹುಡುಗನೂ ಅವನ್ನು ಕಟ್ಟಬಲ್ಲ. ನಮ್ಮ ಮಕ್ಕಳಿಗೆ ಅಂತಹ ಕಿಟ್ ಸಿಕ್ಕಿದರೆ ಖಂಡಿತ ಕಟ್ಟಲಿ, ಕೈ ಪಳಗುತ್ತದೆ. ಕಿಟ್ ದುಬಾರಿಯಾದರೆ ನಕ್ಷೆಯೊಂದನ್ನು ಹಿಡಿದು ಬಡಗಿಯ ಅಂಗಡಿಯ ಚೂರು ಹಲಗೆ, ಬಿದಿರು ಕಡ್ಡಿ, ನೂಲಿನ ದಾರದಿಂದಲೂ ಆರಂಭಿಸಬಹುದು.

ಆದರೆ ಅಲ್ಲಿಗೆ ನಿಲ್ಲಬಾರದು. ಮಂಗಳೂರಿನ ಹಳೆ ಬಂದರಿಗೆ ಹೋದರೆ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಕಾಣಬಹುದು. ನಮ್ಮ ಇತಿಹಾಸದ ವಿದ್ಯಾರ್ಥಿಗಳು ಟೇಪು ಹಿಡಿದು ಒಂದು ಮಂಜಿಯನ್ನು ಮೂತಿಯಿಂದ ಚುಕ್ಕಾಣಿಯವರೆಗೆ ಅಳೆಯಲಿ. ವಯಸ್ಸಾದ ಮೇಸ್ತ್ರಿಗಳನ್ನು, ತಂಡೇಲರನ್ನು ಕಂಡು ಪ್ರತಿಯೊಂದು ಭಾಗದ ಹೆಸರನ್ನು ಅವರ ಬಾಯಿಂದಲೇ, ಅವರ ಭಾಷೆಯಲ್ಲೇ, ತುಳುವಾಗಲಿ, ಬ್ಯಾರಿಯಾಗಲಿ, ಕೊಂಕಣಿಯಾಗಲಿ, ಬರೆದುಕೊಳ್ಳಲಿ. ಇಂಜಿನಿಯರಿಂಗ್ ಓದುವವರು ಆ ಅಳತೆಗಳಿಂದ ನಕ್ಷೆ ತಯಾರಿಸಲಿ. ಮರ ಕತ್ತರಿಸುವ ಕೈಗಳಿಗೆ ಮೈಸೂರಿನಲ್ಲಿ ಬರವಿಲ್ಲ. ಬೀಟೆಮರದ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬೇರೆ ಮರದ ತುಂಡುಗಳನ್ನು ಕೂಡಿಸಿ ಚಿತ್ರ ಮಾಡುವ ಇನ್‌ಲೇ ಕೆಲಸಗಾರರು ನಮ್ಮ ಊರಿನವರೇ. ಕೂವೆಮರದ ಕಡ್ಡಿಯನ್ನು ಕಡೆದು ಕೊಡಲು ಚನ್ನಪಟ್ಟಣದ ಬೊಂಬೆ ಮಾಡುವವರು ಇದ್ದಾರೆ. ಕರಾವಳಿಯ ಲೆಕ್ಕ, ಘಟ್ಟದ ಮೇಲಿನ ಕೈಕೆಲಸ ಇವೆರಡೂ ಕೂಡಿದರೆ ಮಂಜಿಯ ಕಿಟ್ ಒಂದು ನಮ್ಮ ಶಾಲೆಗಳ ಮೇಜಿನ ಮೇಲೆ ಬರುವುದು ಅಸಾಧ್ಯವಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮ ಸಮಾಜದಲ್ಲಿ ಓದು ಬೇರೆ, ಕೈಕೆಲಸ ಬೇರೆ ಎಂಬ ಭಾವನೆ ಬೇರೂರಿದೆ. ಅಂಕ ಕಡಿಮೆ ಬಂದವನು ಬಡಗಿಯ ಅಂಗಡಿಗೆ ಹೋಗುತ್ತಾನೆ, ಹೆಚ್ಚು ಬಂದವನು ಉಳಿ ಮುಟ್ಟುವುದಿಲ್ಲ. ಹೊನ್ನಾವರದಲ್ಲಿ 36 ಶಾಲೆಗಳಿದ್ದಾಗ 52 ಹಡಗುಗಳೂ ಇದ್ದವು ಎಂಬುದನ್ನು ಈ ಭಾವನೆ ಮರೆತಿದೆ. ಹಡಗಿಗೆ ಲೆಕ್ಕ ಬಲ್ಲವನೂ ಬೇಕು, ಉಳಿ ಹಿಡಿಯಬಲ್ಲವನೂ ಬೇಕು. ಇಬ್ಬರೂ ಒಬ್ಬನೇ ಆದರೆ ಇನ್ನೂ ಒಳ್ಳೆಯದು. ಸುಲ್ತಾನರಿಗೆ ಸಿಗದೆ ಹೋದ ಸಮಯ ನಮ್ಮ ಕೈಯಲ್ಲಿದೆ. ಮಂಜಿಯನ್ನು ಬಲ್ಲ ಹಿರಿಯರು ಇರುವಷ್ಟು ಕಾಲ ಮಾತ್ರ ಅದು ಇರುತ್ತದೆ.